ಒಂದೇ ಲೇಸರ್ ಡೇಟಾನ ಏಳು ಗುಂಪು ಯಾಕ ಲೆಕ್ಕ ಹಾಕ್ತಾವ, ಅವರನ್ನ ಕೂಡಿಸೋದು ಹೆಂಗ?

ನೀವು ಕೇಳಿದ್ದು ಇದು: ಸ್ಯಾಟಲೈಟ್ ಲೇಸರ್ ರೇಂಜಿಂಗ್ ಡೇಟಾ ಎಲ್ಲಾರಿಗೂ ಒಂದೇ ಇರ್ತೈತಿ, ಅದನ್ನ ಇಟಲಿ, ಜರ್ಮನಿ, ಬ್ರಿಟನ್, ಅಮೆರಿಕದ ಗುಂಪುಗಳು ಬ್ಯಾರೆ ಬ್ಯಾರೆ ಕುಂತು ಯಾಕ ಲೆಕ್ಕ ಮಾಡ್ತಾವ, ಒಬ್ರೇ ಚಲೋ ಮಾಡಿದ್ರ ಸಾಲೂದಿಲ್ಲೇನು, ಇವರನ್ನೆಲ್ಲಾ ಒಂದು ಲೈನಿಗೆ ತರೋರು ಯಾರು, ಗದಗಿನ್ಯಾಗ ಇಂಜಿನಿಯರಿಂಗ್ ಓದೋ ನನ್ನಂಥವ್ರು ಇದರಾಗ ಕೈ ಹಾಕಬಹುದಾ ಅಂತ. ಕಡೀ ಪ್ರಶ್ನೆಗೆ ಉತ್ತರ ಹೌದು, ಅದನ್ನ ಕೆಳಗ ಹೇಳ್ತೀನಿ.

ನಾನು ಧಾರವಾಡದಾವ, ಯೂನಿವರ್ಸಿಟಿಯೊಳಗ ಫಿಸಿಕ್ಸ್ ಎಂಎಸ್ಸಿ ಮಾಡಿ ಮುಂದ ಯುರೋಪಿನ ಒಂದು ಗುಂಪಿನೊಳಗ ಇದೇ ಕೆಲಸ ಮಾಡ್ದೆ, ಈಗ ಮನೀಂದನ ಮಾಡ್ತೀನಿ. ಹಿಂಗಾಗಿ ಒಳಗಿಂದ ನೋಡಿದ್ದನ್ನ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತೈತಿ, ತಡ್ಕೋರಿ.

ಮೊದಲ ಮೂಲ ವಿಷಯ. ನೆಲದ ಮ್ಯಾಲಿನ ಸ್ಟೇಷನ್ನಿಂದ ಸಣ್ಣ ಲೇಸರ್ ಪಲ್ಸ್ ಬಿಡ್ತಾರ, ಭಾಳ ಕಡೆ 532 ನ್ಯಾನೋಮೀಟರಿನ ಹಸಿರು ಬೆಳಕು, ಅದು ಸ್ಯಾಟಲೈಟಿನ ಕನ್ನಡಿಗೆ ಬಡಿದು ಬಂದ ದಾರಿಗೇ ವಾಪಸ್ ಬರ್ತೈತಿ, ಹೋಗಿ ಬರೋ ಟೈಮ್ ಅಳೀತಾರ, ಅದರಿಂದ ದೂರ ತಗೀತಾರ. ಈ ಕೆಲಸದ ರಾಜ ಅಂದ್ರ ಲೇಜಿಯೋಸ್. 60 ಸೆಂಟಿಮೀಟರ್ ಅಡ್ಡಳತೆಯ ಒಂದು ಗುಂಡು, ತೂಕ ಸುಮಾರು 400 ಕಿಲೋ, ಮೈತುಂಬ 426 ಕನ್ನಡಿ, ಒಳಗ ಬ್ಯಾಟರಿ ಇಲ್ಲ, ಕಂಪ್ಯೂಟರ್ ಇಲ್ಲ, ಏನೂ ಇಲ್ಲ. ಮೊದಲನೇದನ್ನ 1976ರ ಮೇ ತಿಂಗಳಾಗ ಹಾರಿಸಿದ್ರು, ಎರಡನೇದನ್ನ 1992ರ ಅಕ್ಟೋಬರದಾಗ, ಎರಡೂ ಸುಮಾರು 5,900 ಕಿಲೋಮೀಟರ್ ಎತ್ತರದಾಗ ಇವತ್ತಿಗೂ ಸುತ್ತಾಕತ್ತಾವ. ನೆತ್ತಿ ಮ್ಯಾಲೆ ಇದ್ದಾಗ ಬೆಳಕು ಹೋಗಿ ಬರಾಕ ಸುಮಾರು 40 ಮಿಲಿಸೆಕೆಂಡ್ ತಗೋತೈತಿ. ದಾರಿ ತೋರಸೋ ನಮ್ಮ ನ್ಯಾವಿಕ್ ಸ್ಯಾಟಲೈಟ್‌ಗಳ ಮ್ಯಾಲೂ ಇಂಥಾ ಕನ್ನಡಿ ಅದಾವ. ವಿಕ್ರಮ್ ಲ್ಯಾಂಡರ್ ಮ್ಯಾಲೆ ನಾಸಾದವ್ರು ಕೊಟ್ಟ ಸಣ್ಣದೊಂದು ಐತಿ, 2023ರ ಡಿಸೆಂಬರ್ 12ಕ್ಕ ಚಂದ್ರನ್ನ ಸುತ್ತೋ ಎಲ್‌ಆರ್‌ಒ ನೌಕೆ ಅದಕ್ಕ ಲೇಸರ್ ಬಿಟ್ಟು ಬೆಳಕು ವಾಪಸ್ ಪಡೀತು, ಆದ್ರ ಅದು ಬ್ಯಾರೇನ ಕಥಿ.

ಈಗ ಗುಂಪುಗಳ ವಿಷಯ. ಎಲ್ಲಾ ಕೆಲಸ ನಡಸೋದು ಇಂಟರ್‌ನ್ಯಾಷನಲ್ ಲೇಸರ್ ರೇಂಜಿಂಗ್ ಸರ್ವಿಸ್ ಅನ್ನೋ ಸಂಘಟನೆ, ಐಎಲ್‌ಆರ್‌ಎಸ್ ಅಂತಾರ, 1998ರಾಗ ಶುರು ಆತು. ಇದು ಕಂಪನಿನೂ ಅಲ್ಲ, ಸರಕಾರಿ ಇಲಾಖೆನೂ ಅಲ್ಲ. ಪಗಾರ ಕೊಡೋದು ಅವರವರ ದೇಶದ ಸಂಸ್ಥೆ, ಹಿಂಗಾಗಿ ಯಾರೂ ಯಾರಿಗೂ ಹುಕುಂ ಮಾಡಂಗಿಲ್ಲ, ಇದನ್ನ ಮೊದಲ ತಲ್ಯಾಗ ಇಟ್ಕೋರಿ, ಮುಂದಿಂದೆಲ್ಲಾ ಅದರಿಂದನ ಅರ್ಥ ಆಗ್ತೈತಿ. ಸ್ಟೇಷನ್‌ನವ್ರು ಅಳೀತಾರ, ಡೇಟಾ ಎರಡು ಕಡೆ ಜಮಾ ಆಗ್ತೈತಿ, ಒಂದು ನಾಸಾದ ಸಿಡಿಡಿಐಎಸ್, ಇನ್ನೊಂದು ಮ್ಯೂನಿಕ್‌ನ ಇಡಿಸಿ. ಅಲ್ಲಿಂದ, ನೀವು ಕೇಳಿದ ಲೆಕ್ಕದ ಗುಂಪುಗಳು, ಅಂದ್ರ ಅನಾಲಿಸಿಸ್ ಸೆಂಟರ್‌ನವ್ರು ತಗೋತಾರ. ಐಟಿಆರ್‌ಎಫ್2020 ಅನ್ನೋ ಭೂಮಿಯ ರೆಫರೆನ್ಸ್ ಫ್ರೇಮಿಗೆ, ಅಂದ್ರ ಭೂಮಿ ಮ್ಯಾಲಿನ ಯಾವ ಜಾಗಾ ಎಲ್ಲಿ ಐತಿ ಅಂತ ಹೇಳೋ ಅಳತೆ ಚೌಕಟ್ಟಿಗೆ, 7 ಸೆಂಟರ್ ಲೆಕ್ಕ ಕೊಟ್ಟವು: ಇಟಲಿಯ ಎಎಸ್‌ಐ, ಜರ್ಮನಿಯ ಬಿಕೆಜಿ, ಡಿಜಿಎಫ್‌ಐ, ಜಿಎಫ್‌ಜೆಡ್, ಯುರೋಪಿಯನ್ ಸ್ಪೇಸ್ ಏಜೆನ್ಸಿ, ಅಮೆರಿಕದ ಜೆಸೆಟ್, ಬ್ರಿಟನ್ನಿನ ಹರ್ಸ್ಟ್‌ಮನ್ಸೂ.

ಮಜಾ ಏನಂದ್ರ ಸಾಫ್ಟ್‌ವೇರ್ ಬ್ಯಾರೆ ಬ್ಯಾರೆ. ಒಬ್ರು ನಾಸಾದ ಜಿಯೋಡಿನ್ ಓಡಸ್ತಾರ, ಇನ್ನೊಬ್ರು ಬರ್ನೀಸ್, ಮತ್ತೊಬ್ರು ತಾವ ಬರಕೊಂಡ ಡಾಗ್ಸ್, ಈಪಾಸ್, ಸಟಾನ್ ಹಿಂಗ. ಹೊಸಬರು ನೋಡಿದ್ರ ಇದೇನು ವೇಸ್ಟ್ ಅನಸ್ತೈತಿ, ಎಲ್ಲಾರೂ ಒಂದೇ ಕೋಡ್ ತಗೊಂಡ್ರ ಜಗಳನ ಇಲ್ಲಲ್ಲ ಅಂತ. ಆದ್ರ ಹಂಗ ಮಾಡಿದ್ರ ಕೋಡಿನ್ಯಾಗ ಒಂದು ಮೈನಸ್ ಚಿಹ್ನೆ ತಪ್ಪಿದ್ರ ಏಳೂ ಮಂದಿಗೆ ಅದೇ ತಪ್ಪು ಉತ್ತರ ಬರ್ತೈತಿ, ಏಳೂ ಮಂದಿ ಒಪ್ಪಿಗಿ ಆತಂತ ಖುಷಿ ಪಡ್ತಾರ, ಹಿಡಿಯೋರು ಯಾರೂ ಇರಂಗಿಲ್ಲ. ಹಿಂಗಾಗಿ ಕೋಆರ್ಡಿನೇಷನ್ ಅಂದ್ರ ಎಲ್ಲಾರನ್ನೂ ಒಂದೇ ನಮೂನಿ ಮಾಡೂದಲ್ಲ. ಯಾವುದು ಕಡ್ಡಾಯ ಒಂದೇ ಇರಬೇಕು, ಯಾವುದನ್ನ ಬೇಕಂತನ ಬ್ಯಾರೆ ಬಿಡಬೇಕು, ಈ ಗೆರಿ ಎಲ್ಲಿ ಎಳೀಬೇಕು ಅನ್ನೋದನ್ನ ಕುಂತು ತೀರ್ಮಾನ ಮಾಡೂದ ದೊಡ್ಡ ಕೆಲಸ.

ಒಂದೇ ಇರಬೇಕಾದವು ಯಾವು? 7 ದಿನದ ಡೇಟಾ ತಗೊಂಡು ಅದಕ್ಕ ಹೊಂದೋ ಒಂದು ಆರ್ಬಿಟ್, ಅಂದ್ರ ಸ್ಯಾಟಲೈಟ್ ಸುತ್ತೋ ದಾರಿ, ತಗೀಬೇಕು. ಐಟಿಆರ್‌ಎಫ್2020ಕ್ಕ ಬಳಸಿದ ಸ್ಯಾಟಲೈಟ್ ಅಂದ್ರ ಲೇಜಿಯೋಸ್ ಎರಡು, ಸೋವಿಯತ್‌ನವ್ರು 1989ರಾಗ ಬಿಟ್ಟ ಎಟಾಲಾನ್ ಅನ್ನೋ ಗುಂಡು ಎರಡು. ಭೂಮಿ ಉಬ್ಬರ, ರಿಲೇಟಿವಿಟಿ ತಿದ್ದುಪಡಿ ಎಲ್ಲಾ ಐಇಆರ್‌ಎಸ್ ಕನ್ವೆನ್ಷನ್ಸ್ ಅನ್ನೋ ಜಾಗತಿಕ ನಿಯಮದ ಪುಸ್ತಕದ ಪ್ರಕಾರ, ಗಾಳಿಯೊಳಗ ಬೆಳಕು ತಡ ಆಗೋದಕ್ಕ ಮೆಂಡೆಸ್-ಪಾವ್ಲಿಸ್ ಮಾಡೆಲ್. ಯಾವ ಸ್ಟೇಷನ್ನಿನ ಯಾವ ತಾರೀಖಿನ ಡೇಟಾ ಕೆಟ್ಟೈತಿ, ಯಾವುದಕ್ಕ ಎಷ್ಟು ತಿದ್ದುಪಡಿ ಹಾಕಬೇಕು ಅಂತ ಡೇಟಾ ಹ್ಯಾಂಡ್ಲಿಂಗ್ ಫೈಲ್ ಅಂತ ಒಂದು ಇರ್ತೈತಿ, ಅದೂ ಎಲ್ಲಾರಿಗೂ ಒಂದೇ. ಭೂಕಂಪ ಆದ್ರ ಅದರ ತಾರೀಖನೂ ಎಲ್ಲಾರೂ ಒಂದೇ ಹಿಡೀಬೇಕು, 2010ರ ಫೆಬ್ರವರಿ 27ಕ್ಕ ಚಿಲಿಯ ಭೂಕಂಪದಾಗ ಕನ್ಸೆಪ್ಸಿಯೋನ್ ಊರು ಸುಮಾರು 3 ಮೀಟರ್ ಪಶ್ಚಿಮಕ್ಕ ಸರೀತು, ಅಲ್ಲೊಂದು ಲೇಸರ್ ಸ್ಟೇಷನ್ ಇತ್ತು. ಒಬ್ಬವ ಅದನ್ನ ಭೂಕಂಪದ ಮೊದಲಿಂದು, ಆಮ್ಯಾಲಿಂದು ಅಂತ ಎರಡು ತುಂಡು ಮಾಡಿ ಇನ್ನೊಬ್ಬವ ಒಂದೇ ಸ್ಟೇಷನ್ ಅಂತ ಹಿಡಿದ್ರ ಆತು, ಮುಗೀತು ಕಥಿ.

ಉತ್ತರ ಕೊಡೋ ರೀತಿನೂ ಒಪ್ಪಂದನ. ಸೈನೆಕ್ಸ್ ಅನ್ನೋ ಟೆಕ್ಸ್ಟ್ ಫೈಲ್ ಕೊಡಬೇಕು, ಅದರಾಗ ಸ್ಟೇಷನ್‌ಗಳ ಎಕ್ಸ್ ವೈ ಜೆಡ್, ಧ್ರುವ ಎಲ್ಲಿ ಐತಿ, ದಿನದ ಉದ್ದ ಎಷ್ಟು, ಮತ್ತ ಇವೆಲ್ಲದರ ಕೋವೇರಿಯನ್ಸ್ ಮ್ಯಾಟ್ರಿಕ್ಸ್, ಅಂದ್ರ ಯಾವ ಅಂಕಿ ಎಷ್ಟು ನಂಬಬಹುದು, ಒಂದಕ್ಕೊಂದು ಎಷ್ಟು ಅಂಟಿಕೊಂಡೈತಿ ಅನ್ನೋ ಪಟ್ಟಿ. ಇದನ್ನ ಲೂಸ್ ಕನ್‌ಸ್ಟ್ರೇಂಟ್ ಇಟ್ಟು ಕೊಡಬೇಕು, ಅಂದ್ರ ಸ್ಟೇಷನ್ನಿನ ಜಾಗಾ ಸುಮಾರು 1 ಮೀಟರಿನಷ್ಟು ಆಕಡೆ ಈಕಡೆ ಹೋಗಾಕ ಬಿಟ್ಟಿರಬೇಕು. ಮಿಲಿಮೀಟರ್ ಕೆಲಸದಾಗ 1 ಮೀಟರ್ ಯಾಕ್ರಿ ಅಂತ ಕೇಳ್ತೀರಿ. ನಾವು ನಮಗ ಬೇಕಾದ ಸ್ಟೇಷನ್ ಗಟ್ಟಿ ಕಟ್ಟಿ, ಅವರು ಅವರಿಗೆ ಬೇಕಾದ್ದು ಕಟ್ಟಿದ್ರ ಕೂಡಸೋವಾಗ ಎರಡೂ ಹಗ್ಗ ಒಂದನ್ನೊಂದು ಜಗ್ಗಾಡ್ತಾವ. ಹಿಂಗಾಗಿ ಎಲ್ಲಾರೂ ಸಡಿಲ ಬಿಟ್ಟು ಕೊಡ್ತಾರ, ಕೂಡಸೋ ಸೆಂಟರ್‌ನವ್ರು ಕಡೀಕೆ ಒಂದ್ಸಲ ಕಟ್ತಾರ. ಆ ಕೂಡಸೋ ಕೆಲಸ ಮುಖ್ಯವಾಗಿ ಇಟಲಿಯ ಎಎಸ್‌ಐದು, ಬ್ಯಾಕಪ್ ಅಂತ ಇನ್ನೊಂದು ಸೆಂಟರ್ ಬ್ಯಾರೆ ಮಾಡಿ ಇಡ್ತೈತಿ. ಯಾರ ಫೈಲಿಗೆ ಎಷ್ಟು ತೂಕ ಕೊಡಬೇಕು ಅನ್ನೋದು ಮಾತಿನ ಮ್ಯಾಲೆ ಅಲ್ಲ, ಲೆಕ್ಕದಿಂದನ ಬರ್ತೈತಿ. ಇದು ನನಗ ಭಾಳ ಸೇರೋ ಭಾಗ, ದೊಡ್ಡ ದೇಶ ಸಣ್ಣ ದೇಶ ಅನ್ನೋದು ಅಲ್ಲಿ ನಡಿಯಂಗಿಲ್ಲ.

ಈಗ ನಿಜವಾದ ತಲೆನೋವಿಗೆ ಬರೋಣು. ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿ ತೂಗೋವಾಗ ಚೀಲದ ತೂಕ ಕಳೀತಾರ, ಒಬ್ಬ ವ್ಯಾಪಾರಿ ಒಂದು ಕಿಲೋ ಕಳದು ಇನ್ನೊಬ್ಬ ಅರ್ಧ ಕಿಲೋ ಕಳದ್ರ, ತಕ್ಕಡಿ ಎಷ್ಟ ಚಲೋ ಇದ್ರೂ ಲೆಕ್ಕ ಕೂಡಂಗಿಲ್ಲ. ಲೇಜಿಯೋಸ್‌ನ್ಯಾಗೂ ಹಂಗ. ಬೆಳಕು ಬಡಿದು ಬರೋದು ಹೊರಗಿನ ಕನ್ನಡಿಯಿಂದ, ಆದ್ರ ನಮಗ ಬೇಕಾದ್ದು ಗುಂಡಿನ ನಡಬರಕಿನ ಬಿಂದುವಿಗೆ ಇರೋ ದೂರ. ಈ ವ್ಯತ್ಯಾಸಕ್ಕ ಹಿಂದ ಎಲ್ಲಾರೂ 251 ಮಿಲಿಮೀಟರ್ ಅಂತ ಒಂದೇ ಅಂಕಿ ಹಾಕ್ತಿದ್ರು. ಆಮ್ಯಾಲೆ ಗೊತ್ತಾತು, ಒಂದೊಂದೇ ಫೋಟಾನ್ ಹಿಡಿಯೋ ಸ್ಟೇಷನ್ನಿಗೆ ಬ್ಯಾರೆ, ಜೋರು ಪಲ್ಸ್ ಹಿಡಿಯೋ ಸ್ಟೇಷನ್ನಿಗೆ ಬ್ಯಾರೆ ಅಂಕಿ ಬರ್ತೈತಿ, ಕೆಲವು ಮಿಲಿಮೀಟರ್ ಫರಕು. ಹಿಂಗಾಗಿ ಪ್ರತಿ ಸ್ಟೇಷನ್ನಿಗೂ, ಅದರ ಡಿಟೆಕ್ಟರ್ ಬದಲಾದ ಪ್ರತಿ ಅವಧಿಗೂ ಬ್ಯಾರೆ ಅಂಕಿ ಇರೋ ಟೇಬಲ್ ಮಾಡ್ಯಾರ. ಹಳೇ ಟೇಬಲ್ ಒಬ್ರು, ಹೊಸಾದು ಇನ್ನೊಬ್ರು ಬಳಸಿದ ವಾರ ಇರ್ತೈತಲ್ಲ, ಆ ವಾರದ ಮೇಲ್‌ಗಳನ್ನ ಓದಬೇಕ್ರಿ ನೀವು.

ಇದಕ್ಕಿಂತ ಕೆಟ್ಟದ್ದು ರೇಂಜ್ ಬಯಾಸ್. ಸ್ಟೇಷನ್ನಿನ ಟೈಮರ್ ಒಳಗೋ ಕ್ಯಾಲಿಬ್ರೇಷನ್ ಒಳಗೋ ಸಣ್ಣ ದೋಷ ಇದ್ದು ಎಲ್ಲಾ ದೂರನೂ 1 ಸೆಂಟಿಮೀಟರ್ ಜಾಸ್ತಿ ಬಂತು ಅಂತ ತಿಳ್ಕೋರಿ. ಲೆಕ್ಕಕ್ಕ ಅದು ಹೆಂಗ ಕಾಣ್ತೈತಿ? ಸ್ಟೇಷನ್ ತುಸು ತಗ್ಗಿನ್ಯಾಗ ಐತಿ ಅನ್ನೋಹಂಗ. ಎತ್ತರ ಬದಲಾದ್ರ ನೆತ್ತಿ ಮ್ಯಾಲಿನ ದೂರ ಪೂರಾ ಬದಲಾಗ್ತೈತಿ, ದಿಗಂತದ ಕಡೆ ಇದ್ದಾಗ ಕಡಿಮಿ ಬದಲಾಗ್ತೈತಿ, ಬಯಾಸ್ ಆದ್ರ ಎಲ್ಲಾ ಕಡೆ ಅಷ್ಟ. ಎರಡನ್ನೂ ಬ್ಯಾರೆ ಮಾಡಾಕ ಇರೋ ದಾರಿ ಇದೊಂದ. ಆದ್ರ ಭಾಳ ಸ್ಟೇಷನ್ನಿನವ್ರು ಕೆಳಗ ದಿಗಂತದ ಹತ್ರ ಅಳಿಯಂಗಿಲ್ಲ, ಹಿಂಗಾಗಿ ಎರಡೂ ಕಲಸಿ ಹೋಗ್ತಾವ. ಎಲ್ಲಾ ಸ್ಟೇಷನ್ನಿನ ಎತ್ತರ ಒಂದೇ ಕಡೆ ವಾಲಿದ್ರ ಭೂಮಿನ ಸಣ್ಣದು ಅಥವಾ ದೊಡ್ಡದು ಕಾಣ್ತೈತಿ, ತಮಾಷಿ ಅಲ್ಲ. ಐಟಿಆರ್‌ಎಫ್2014ರಾಗ ಲೇಸರ್‌ನವ್ರ ಸ್ಕೇಲಿಗೂ (ಭೂಮಿ ಎಷ್ಟು ದೊಡ್ಡದು ಅನ್ನೋ ಅಳತಿಗೂ) ರೇಡಿಯೋ ಟೆಲಿಸ್ಕೋಪಿನ ವಿಎಲ್‌ಬಿಐನವ್ರ ಸ್ಕೇಲಿಗೂ ಶತಕೋಟಿಗೆ 1.37 ಭಾಗ ಫರಕು ಬಂತು, ಭೂಮಿಯ ಮ್ಯಾಲೆ ಲೆಕ್ಕ ಹಾಕಿದ್ರ ಸುಮಾರು 9 ಮಿಲಿಮೀಟರ್. ಸಮುದ್ರ ಏರೋದು ವರ್ಷಕ್ಕ 3–4 ಮಿಲಿಮೀಟರ್, ಅದನ್ನ ಅಳಿಯೋ ಟೇಪ್ ಹಿಂಗಿದ್ರ ಹೆಂಗ?

ಆಗ ಎಲ್ಲಾ ಸೆಂಟರ್‌ನವ್ರೂ ಕೂಡಿ, ಪ್ರತಿ ಸ್ಟೇಷನ್ನಿಗೂ ಬಯಾಸನ್ನ ಎತ್ತರದ ಜೋಡಿನ ಅಂದಾಜು ಮಾಡೋ ಪೈಲಟ್ ಪ್ರಾಜೆಕ್ಟ್ ಮಾಡಿದ್ರು. ಬ್ಯಾರೆ ಬ್ಯಾರೆ ಸಾಫ್ಟ್‌ವೇರಿನಿಂದ ಒಂದೇ ಸ್ಟೇಷನ್ನಿಗೆ ಅದೇ ಬಯಾಸ್ ಬಂದ್ರ ಅದು ಸ್ಟೇಷನ್ನಿಂದು, ಒಬ್ಬರಿಗಷ್ಟ ಬಂದ್ರ ಅದು ಅವರ ಕೋಡಿಂದು. ಮ್ಯಾಲೆ ಹೇಳಿದ್ನಲ್ಲ ಬ್ಯಾರೆ ಇರಬೇಕು ಅಂತ, ಅದರ ಫಾಯ್ದೆ ಸಿಕ್ಕಿದ್ದು ಇಲ್ಲೇ ನೋಡ್ರಿ. 1983ರಿಂದ ಇರೋ ಡೇಟಾ ಎಲ್ಲಾ ಮತ್ತ ಹೊಸದಾಗಿ ಓಡಿಸಿದ್ರು, 2022ರಾಗ ಐಟಿಆರ್‌ಎಫ್2020 ಬಂದಾಗ ಆ ಫರಕಿನ ದೊಡ್ಡ ಭಾಗ ಕರಗಿತ್ತು.

ದಿನದ ಕೆಲಸ ಇಷ್ಟು ದೊಡ್ಡ ಸ್ತರದಾಗ ಇರಂಗಿಲ್ಲ ಮತ್ತ. ರೆಸಿಡ್ಯುವಲ್ ಪ್ಲಾಟ್ ತಗದು ಕುಂಡ್ರೂದು, ಅಷ್ಟ. ರೆಸಿಡ್ಯುವಲ್ ಅಂದ್ರ ಅಳದ ದೂರದಾಗ ಲೆಕ್ಕದ ದೂರ ಕಳದು ಉಳಿದದ್ದು. ಚುಕ್ಕಿಗಳು ಸೊನ್ನೆ ಗೆರಿಯ ಸುತ್ತ ಇರಬೇಕು. ಎಲ್ಲಾ ಚುಕ್ಕಿ ಸಮಾ ಮ್ಯಾಲೆ ಎದ್ದಿದ್ರ ರೇಂಜ್ ಬಯಾಸ್. ಸ್ಯಾಟಲೈಟ್ ಹತ್ರ ಬರೋವಾಗ ಒಂದು ಕಡೆ, ದೂರ ಹೋಗೋವಾಗ ಇನ್ನೊಂದು ಕಡೆ ವಾಲಿದ್ರ ಗಡಿಯಾರ ತಪ್ಪೈತಿ. ನೆತ್ತಿ ಮ್ಯಾಲೆ ಸರಿ ಇದ್ದು ದಿಗಂತದ ಕಡೆ ಬರ್ತಾ ಬರ್ತಾ ಬಾಲದಂಗ ಬಾಗಿದ್ರ ಬ್ಯಾರೋಮೀಟರ್ ನೋಡ್ರಿ ಅಂತ ಸ್ಟೇಷನ್ನಿಗೆ ಬರೀತೀವಿ. 1 ಮಿಲಿಬಾರ್ ತಪ್ಪಿದ್ರ ನೆತ್ತಿ ಮ್ಯಾಲೆ ಸುಮಾರು 2.4 ಮಿಲಿಮೀಟರ್, 20 ಡಿಗ್ರಿ ಎತ್ತರದಾಗ ಸುಮಾರು 7 ಮಿಲಿಮೀಟರ್ ಆಗ್ತೈತಿ. ಹಿಂಗ ಬರದಾಗ ಸ್ಟೇಷನ್‌ನವ್ರಿಗೆ ಸ್ವಲ್ಪ ಸಿಟ್ಟು ಬರೋದು ಸಹಜ, ರಾತ್ರಿ ಚಳಿಯಾಗ ಕುಂತು ಅಳೆಯೋರು ಅವರು, ಆಫೀಸಿನ್ಯಾಗ ಕುಂತು ತಪ್ಪು ತಗಿಯೋರು ನಾವು. ಹಿಂಗಾಗಿ ಒಂದೇ ಸೆಂಟರ್‌ನವ್ರು ಬರೀಬಾರದು, ಎರಡು ಮೂರು ಸೆಂಟರ್‌ನವ್ರು ಪ್ಲಾಟ್ ಕೂಡಿಸಿ ಬರದ್ರ ಅವರೂ ನಂಬ್ತಾರ, ಹೋಗಿ ಸೆನ್ಸರ್ ಚೆಕ್ ಮಾಡ್ತಾರ.

ಮೀಟಿಂಗ್ ಟೈಮ್ ಇನ್ನೊಂದು ಕಥಿ. ಯುರೋಪಿನವ್ರಿಗೆ ಮಧ್ಯಾಹ್ನ, ಅಮೆರಿಕದವ್ರಿಗೆ ಮುಂಜಾನಿ ಇಟ್ರ ನಮಗ ರಾತ್ರಿ ಏಳೂವರಿ ಎಂಟು, ಆಸ್ಟ್ರೇಲಿಯಾದವ್ರಿಗೆ ಅರ್ಧರಾತ್ರಿ, ಎಲ್ಲಾರಿಗೂ ಹೊಂದೋ ಟೈಮ್ ಅನ್ನೋದ ಇಲ್ಲ. ನಮ್ಮ ಮನ್ಯಾಗ ಆ ಹೊತ್ತಿಗೆ ಅವ್ವ ರೊಟ್ಟಿ ಬಡಿಯೋ ಸಪ್ಪಳ ಶುರು ಆಗ್ತೈತಿ, ಮ್ಯೂಟ್ ಹಾಕೋದು ಮರತ್ರ ಮ್ಯೂನಿಕ್ ತನಕ ಕೇಳಸ್ತೈತಿ.

ಇದರಿಂದ ನಮ್ಮ ಕಡೆ ಮಂದಿಗೆ ಏನು ಬಂತು ಅಂತ ಕೇಳಿದ್ರ: ನೆಲದ ಒಳಗಿನ ನೀರಿನ ಏರಿಳಿತ ತೋರಸೋ ಗ್ರೇಸ್-ಎಫ್‌ಒ ಸ್ಯಾಟಲೈಟ್ ಜೋಡಿ ಐತಲ್ಲ, ಭೂಮಿ ಧ್ರುವದಾಗ ಎಷ್ಟು ಚಪ್ಪಟ ಐತಿ ಅನ್ನೋ ಅಂಕಿಯನ್ನ ಅದು ಸರಿ ಅಳಿಯಂಗಿಲ್ಲ, ಆ ಒಂದು ಅಂಕಿ ತಗದು ಲೇಸರ್ ರೇಂಜಿಂಗ್‌ನಿಂದ ಬಂದದ್ದನ್ನ ಹಾಕ್ತಾರ. ಆಮ್ಯಾಲೆ ನಮ್ಮ ನೆಲ ವರ್ಷಕ್ಕ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕ ಸರಿಯಾಕತ್ತೈತಿ ಅಂತೀವಲ್ಲ, ಯಾವುದರ ಲೆಕ್ಕದಾಗ ಸರಿಯಾಕತ್ತೈತಿ ಅಂದ್ರ ಆ ರೆಫರೆನ್ಸ್ ಫ್ರೇಮಿನ ಲೆಕ್ಕದಾಗ, ಅದರ ಸೊನ್ನೆ ಬಿಂದು, ಅಂದ್ರ ಭೂಮಿಯ ದ್ರವ್ಯಕೇಂದ್ರ, ಬರೋದು ಈ ಲೇಸರ್ ಡೇಟಾದಿಂದನ.

ಕಡೀಕೆ ನಿಮ್ಮ ವಿಷಯ. ಡೇಟಾ ಪುಕ್ಕಟ, ಅಕೌಂಟ್ ಮಾಡ್ಕೊಂಡ್ರ ಸಾಕು. ಸಿಆರ್‌ಡಿ ಅನ್ನೋ ಫಾರ್ಮ್ಯಾಟಿನ್ಯಾಗ ಇರ್ತೈತಿ, ಲೇಜಿಯೋಸ್‌ಗೆ 2 ನಿಮಿಷಕ್ಕ ಒಂದು ನಾರ್ಮಲ್ ಪಾಯಿಂಟ್ (ಆ ಹೊತ್ತಿನ ಅಳತೆಗಳನ್ನ ಕೂಡಿಸಿ ತಗದ ಒಂದು ಸರಾಸರಿ), ವಾರಕ್ಕ ಕೆಲವು ಸಾವಿರ ಸಾಲು ಅಷ್ಟ, ನಿಮ್ಮ ಕಾಲೇಜಿನ ಹಳೇ ಲ್ಯಾಪ್‌ಟಾಪ್ ಸಾಕಾಗ್ತೈತಿ. ಅನಾಲಿಸಿಸ್ ಸೆಂಟರ್ ಆಗಬೇಕಂದ್ರ ಬೆಂಚ್‌ಮಾರ್ಕ್ ಪರೀಕ್ಷೆ ಇರ್ತೈತಿ, ಎಲ್ಲಾರಿಗೂ ಅದೇ ಡೇಟಾ ಅದೇ ಮಾಡೆಲ್ ಕೊಟ್ಟು ನಿಮ್ಮ ಉತ್ತರ ಉಳಿದವ್ರದ್ದಕ್ಕ ಕೂಡ್ತೈತಾ ಅಂತ ನೋಡ್ತಾರ, ಅದು ಒಬ್ಬರ ಕೈಲೆ ಆಗೋದಲ್ಲ, ವರ್ಷಗಟ್ಟಲೆ ಪ್ರತಿದಿನ ಫೈಲ್ ಕಳಸೋ ತಾಕತ್ತು ಬೇಕು. ಅಸೋಸಿಯೇಟ್ ಅಂತ ಸಣ್ಣ ದಾರಿನೂ ಐತಿ, ಒಂದು ವಿಷಯ ಹಿಡಕೊಂಡು ಕೆಲಸ ಮಾಡೋ ಗುಂಪುಗಳು ಅದರಾಗ ಬರ್ತಾವ.

ನೀವು ಈಗ ಆರ್ಬಿಟ್ ಇಂಟಿಗ್ರೇಷನ್, ಅಂದ್ರ ಸ್ಯಾಟಲೈಟಿನ ದಾರಿನ ಬಲಗಳಿಂದ ಹೆಜ್ಜಿ ಹೆಜ್ಜಿಗೆ ಲೆಕ್ಕ ಹಾಕೋ ಕೋಡ್, ಬರಿಯಾಕ ಹೋಗಬ್ಯಾಡ್ರಿ. ಒಂದು ವಾರದ ಲೇಜಿಯೋಸ್-1 ಡೇಟಾ ಇಳಿಸ್ಕೋರಿ, ಸೆಂಟರ್‌ನವ್ರು ಕೊಡೋ ರೆಡಿ ಆರ್ಬಿಟ್ ಫೈಲೂ ಸಿಗ್ತೈತಿ, ಅದನ್ನ ಇಟ್ಕೊಂಡು ಪೈಥಾನ್‌ನ್ಯಾಗ ಆಸ್ಟ್ರೇಲಿಯಾದ ಯಾರಗಡೀ ಸ್ಟೇಷನ್ ಒಂದರ ರೆಸಿಡ್ಯುವಲ್ ಅಷ್ಟ ತಗೀರಿ, ಅಲ್ಲಿ ಡೇಟಾ ಭಾಳ ಇರ್ತೈತಿ. ಮೊದಲ ಉತ್ತರ ಮೀಟರ್‌ಗಟ್ಟಲೆ ಬಂದ್ರ ಗಾಳಿಯ ತಿದ್ದುಪಡಿ ಹಾಕಿಲ್ಲಂತ ಅರ್ಥ, ಕಾಲು ಮೀಟರ್ ಬಂದ್ರ ಆ 251 ಮಿಲಿಮೀಟರ್ ಮರತೀರಿ, ಎರಡೂ ಹಾಕಿ ಸೆಂಟಿಮೀಟರಿಗೆ ಬಂದ್ರ ನನಗ ಮೆಸೇಜ್ ಮಾಡ್ರಿ, ಮುಂದಿಂದು ಮಾತಾಡೋಣು.