ಸ್ಪೇನ್ ಕಾಲದ ಗಿನಿಯ ಶಾಲೆಗಳು: ಹಳೆಯ ಹೆಸರಲ್ಲಿ ಹುಡುಕಿ

ಸ್ಪೇನಿನ ವಸಾಹತು ಶಾಲೆಗಳಲ್ಲಿ ಸ್ಪ್ಯಾನಿಷ್ ಹೇರಿದ ಬಗ್ಗೆ ಪ್ರಬಂಧ ಬರೆಯುತ್ತಿದ್ದೀರಿ, ಆಫ್ರಿಕಾದ 'ಈಕ್ವಟೋರಿಯಲ್ ಗಿನಿ' ಎಂದು ಹುಡುಕಿದರೆ ಸ್ಪೇನ್ ಕಾಲದ ಶಾಲೆಗಳ ಬಗ್ಗೆ ಏನೂ ಸಿಗುತ್ತಿಲ್ಲ ಅಂದಿರಲ್ಲ, ತೊಂದರೆ ಬಹುಶಃ ಹೆಸರಿನದ್ದೇ. ಆ ಹೆಸರು ಬಂದದ್ದು 1960ರ ದಶಕದಲ್ಲಿ, ಸ್ವಾತಂತ್ರ್ಯ 1968ಕ್ಕೆ. ಮೊದಲು ಫೆರ್ನಾಂಡೊ ಪೋ (ಈಗಿನ ಬಿಯೋಕೊ ದ್ವೀಪ), ರಿಯೊ ಮುನಿ (ಮುಖ್ಯ ಭೂಮಿಯ ಭಾಗ), ಸಾಂತಾ ಇಸಾಬೆಲ್ (ದ್ವೀಪದ ಮೇಲಿನ ಪಟ್ಟಣ, ಈಗಿನ ಮಲಾಬೊ) ಎಂದು ಸ್ಪ್ಯಾನಿಷ್ ಸ್ಪೆಲಿಂಗ್‌ನಲ್ಲೇ ಹುಡುಕಿ.

ಆಮೇಲೆ ಸರ್ಕಾರಿ ಶಾಲೆಗಿಂತ ಮಿಷನ್ ಶಾಲೆಗಳ ಬೆನ್ನು ಹಿಡಿಯಿರಿ. 1883ರಲ್ಲಿ ಬಂದ ಕ್ಲಾರೆಟಿಯನ್ ಎಂಬ ಕ್ಯಾಥೊಲಿಕ್ ಪಂಗಡದ ಪಾದ್ರಿಗಳ ಕೈಯಲ್ಲೇ ಓದುಬರಹ ಜಾಸ್ತಿ ಇತ್ತು, 1903ರಿಂದ ಅವರದ್ದೇ ಒಂದು ಪತ್ರಿಕೆಯೂ ಬರುತ್ತಿತ್ತು. ಅದನ್ನು ಓದುವಾಗ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ, ಅದು ಪಾದ್ರಿಗಳ ಮಾತು, ಅಲ್ಲಿನ ಬುಬಿ ಅಥವಾ ಫಾಂಗ್ ಜನಾಂಗದ ಮಕ್ಕಳದ್ದಲ್ಲ. ಇನ್ನೊಂದು ವಿಷಯ, ದ್ವೀಪದಲ್ಲಿ ಈ ಪಾದ್ರಿಗಳಿಗಿಂತ ಮೊದಲೇ ಇಂಗ್ಲಿಷ್ ಬ್ಯಾಪ್ಟಿಸ್ಟರು ಶಾಲೆ ನಡೆಸಿದ್ದರು, 1858ರಲ್ಲಿ ಸ್ಪೇನಿನವರು ಅವರನ್ನು ಓಡಿಸಿದರು. ಹಾಗಾಗಿ ಸ್ಪ್ಯಾನಿಷ್ ಹೇರಿಕೆ ಅಲ್ಲಿ ಊರ ಭಾಷೆಗಳ ಮೇಲಷ್ಟೇ ಅಲ್ಲ, ಇಂಗ್ಲಿಷ್ ಮತ್ತು ಪಿಚಿ (ಇಂಗ್ಲಿಷ್‌ನಿಂದ ಹುಟ್ಟಿದ ಅಲ್ಲಿನ ಮಿಶ್ರ ಭಾಷೆ) ಮೇಲೂ ನಡೆಯಿತು. ನನಗಂತೂ ನಿಮ್ಮ ಪ್ರಬಂಧಕ್ಕೆ ಇದೇ ಒಳ್ಳೇ ಎಳೆ ಅನ್ನಿಸುತ್ತದೆ.

ಸರ್ಕಾರಿ ಕಡತವೇ ಬೇಕಾದರೆ ಸ್ಪೇನಿನ ಅಲ್ಕಲಾ ದೆ ಎನಾರೆಸ್‌ನ ಆಡಳಿತ ದಾಖಲಾಗಾರಕ್ಕೆ ಈಮೇಲ್ ಮಾಡಿ, ವಸಾಹತಿನ ಕಡತಗಳು ಅಲ್ಲಿವೆ. ವರ್ಷ, ಊರು ಎರಡೂ ಬರೆಯಿರಿ, ಸುಮ್ನೆ 'ಶಿಕ್ಷಣ' ಅಂದರೆ ಉತ್ತರ ಬರುವುದು ಕಷ್ಟ. ನಿಮ್ಮ ವಿಷಯ ಸ್ಪೇನಿನ ಇನ್ನೊಂದು ವಸಾಹತಾಗಿದ್ದ ಪಶ್ಚಿಮ ಸಹಾರಾ ಆಗಿದ್ದರೆ ಮಾತ್ರ ಮಿಷನ್ ದಾರಿ ಅಷ್ಟು ಕೆಲಸಕ್ಕೆ ಬರಲಿಕ್ಕಿಲ್ಲ, ನೇರ ದಾಖಲಾಗಾರಕ್ಕೇ ಬರೆಯಿರಿ.