ಸಕ್ಕರೆ ಬಿಟ್ಟರೆ ಗಡ್ಡೆ ಸೊರಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಮ್ಮನಿಗೆ 58 ವರ್ಷ. ಸ್ತನ ಕ್ಯಾನ್ಸರ್‌ಗೆ ಕೀಮೋ ನಡೀತಿದೆ. ಮುಂದಿನ ವಾರ ಪೆಟ್ ಸ್ಕ್ಯಾನ್. ಸಕ್ಕರೆಯಂಥ ಔಷಧ ಕೊಟ್ಟು, ಕ್ಯಾನ್ಸರ್ ಅದನ್ನು ಎಲ್ಲಿ ಎಳೆದುಕೊಳ್ಳುತ್ತೆ ಅಂತ ನೋಡ್ತಾರಂತೆ. ಅಂದಮೇಲೆ ಸಕ್ಕರೆಯೇ ಅದರ ಊಟ ಅಲ್ವಾ? ಅನ್ನ, ಬೆಲ್ಲ, ಹಣ್ಣು ಎಲ್ಲ ಬಿಡಿಸಿದ್ದೇವೆ. ತೂಕ ಇಳೀತಿದೆ. ನಾವು ಮಾಡ್ತಿರೋದು ಸರಿನಾ? – ಓದುಗರು, ದಾವಣಗೆರೆ

ಉತ್ತರ: ಅಮ್ಮನಿಗೆ ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಇವತ್ತೇ ಅನ್ನ, ಹಣ್ಣು ಶುರು ಮಾಡಿ. ಜೊತೆಗೆ ಮೊಟ್ಟೆ, ಬೇಳೆ, ಮೊಸರು ಇರಲಿ.

ನಿಮ್ಮ ಅನುಮಾನಕ್ಕೆ ಆಧಾರ ಇದೆ. 1920ರ ದಶಕದಲ್ಲಿ ಜರ್ಮನಿಯ ಆಟೋ ವಾರ್ಬರ್ಗ್ ಇದನ್ನು ಗಮನಿಸಿದರು. ಗಡ್ಡೆಯ ಜೀವಕೋಶಗಳು ಗ್ಲೂಕೋಸ್ ಜಾಸ್ತಿ ಎಳೆದುಕೊಳ್ಳುತ್ತವೆ. ಆಮ್ಲಜನಕ ಇದ್ದರೂ ಅದನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲ ಮಾಡಿ ಹೊರಹಾಕುತ್ತವೆ. ಪೂರ್ತಿ ಉರಿಸಿದರೆ ಒಂದು ಗ್ಲೂಕೋಸಿನಿಂದ ಸುಮಾರು 30 ಎಟಿಪಿ (ಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ) ಸಿಗುತ್ತೆ, ಹೀಗೆ ಮಾಡಿದರೆ ಬರೀ 2. ಇಷ್ಟು ನಷ್ಟ ಯಾಕೆ? ಬೇಗ ಬೇಗ ಎರಡಾಗುವ ಕೋಶಕ್ಕೆ ಶಕ್ತಿಯಷ್ಟೇ ಸಾಲದು. ಕೊಬ್ಬು, ಡಿಎನ್‌ಎ ಕಟ್ಟಲು ಸಾಮಾನೂ ಬೇಕು. ಗ್ಲೂಕೋಸಿನ ಒಂದಷ್ಟು ತುಂಡುಗಳು ಅಲ್ಲಿಗೆ ಹೋಗುತ್ತವೆ.

ಪೆಟ್ ಸ್ಕ್ಯಾನಿಗೆ ಕೊಡುವ ಔಷಧ ಎಫ್‌ಡಿಜಿ, ಅಂದರೆ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದ ಗ್ಲೂಕೋಸ್. ಕೋಶ ಮೋಸಹೋಗಿ ಅದನ್ನು ಒಳಗೆ ಬಿಟ್ಟುಕೊಂಡು ಫಾಸ್ಫೇಟ್ ಸೇರಿಸುತ್ತೆ. ಮುಂದಿನ ಹೆಜ್ಜೆ ನಡೆಯೋದೇ ಇಲ್ಲ. ಬಲೆಗೆ ಬಿದ್ದ ಮೀನಿನ ಹಾಗೆ ಅಲ್ಲೇ ಸಿಕ್ಕಿಕೊಳ್ಳುತ್ತೆ. ಸ್ಕ್ಯಾನಿನಲ್ಲಿ ಹೊಳೆಯೋದು ಅದೇ.

ಆದರೆ ಹೊಳೆದಿದ್ದೆಲ್ಲ ಕ್ಯಾನ್ಸರ್ ಅಲ್ಲ. ಮಿದುಳು ಸದಾ ಹೊಳೆಯುತ್ತೆ. ಟಿಬಿ ಗಂಟೂ ಹೊಳೆಯುತ್ತೆ, ನಮ್ಮ ದೇಶದಲ್ಲಿ ಇದನ್ನು ಮರೆಯುವ ಹಾಗೇ ಇಲ್ಲ. ಅನುಮಾನ ಬಂದರೆ ಬಯಾಪ್ಸಿ ಮಾಡಲೇಬೇಕು. ಇನ್ನೊಂದು ವಿಷಯ ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. 2021ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಇಲಿಗಳ ಗಡ್ಡೆಯೊಳಗಿನ ಕೋಶಗಳನ್ನು ಬೇರೆ ಬೇರೆ ಮಾಡಿ ಅಳೆದರು. ಒಂದೊಂದೇ ಕೋಶದ ಲೆಕ್ಕದಲ್ಲಿ ಹೆಚ್ಚು ಗ್ಲೂಕೋಸ್ ಎಳೆದದ್ದು ಕ್ಯಾನ್ಸರ್ ಕೋಶವಲ್ಲ, ಗಡ್ಡೆಯೊಳಗೆ ಸೇರಿಕೊಂಡಿದ್ದ ಮ್ಯಾಕ್ರೋಫೇಜ್‌ನಂಥ ರೋಗನಿರೋಧಕ ಕೋಶಗಳು! ಕ್ಯಾನ್ಸರ್ ಕೋಶ ಜಾಸ್ತಿ ಎಳೆದದ್ದು ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನು. ಬೆಲ್ಲ ಬಿಡಿಸಿ ಅದನ್ನು ತಡೆಯೋಕಾಗುತ್ತಾ?

ಊಟ ಬಿಟ್ಟರೂ ರಕ್ತದ ಗ್ಲೂಕೋಸ್ ಹೆಚ್ಚೇನೂ ಇಳಿಯಲ್ಲ. ಮಾಂಸಖಂಡ ಕರಗಿಸಿ, ಆ ಪ್ರೋಟೀನಿನಿಂದ ಲಿವರ್ ಗ್ಲೂಕೋಸ್ ತಯಾರಿಸುತ್ತೆ. ಸೊರಗೋದು ಗಡ್ಡೆಯಲ್ಲ, ಅಮ್ಮ. ಹೀಗೆ ಪಥ್ಯ ಮಾಡಿಸಿಕೊಂಡು ಬರುವವರನ್ನು ನಾನು ನೋಡುತ್ತಲೇ ಇರುತ್ತೇನೆ. ಕೈ ಎತ್ತಿದರೆ ಬಳೆ ಮೊಣಕೈವರೆಗೆ ಜಾರುತ್ತೆ. ಅಷ್ಟು ನಿಶ್ಶಕ್ತಿ ಆದಮೇಲೆ ಕೀಮೋ ಮುಂದಕ್ಕೆ ಹಾಕಬೇಕಾಗುತ್ತೆ. ನನಗೆ ನಿಜಕ್ಕೂ ಸಂಕಟವಾಗುತ್ತೆ.

ಸ್ಕ್ಯಾನಿನ ದಿನ ಸುಮಾರು 6 ಗಂಟೆ ಖಾಲಿ ಹೊಟ್ಟೆ ಬೇಕು. ಕ್ಯಾನ್ಸರನ್ನು ಉಪವಾಸ ಕೆಡವಲು ಅಲ್ಲ. ಊಟ ಮಾಡಿದರೆ ಇನ್ಸುಲಿನ್ ಏರಿ ಎಫ್‌ಡಿಜಿ ಮಾಂಸಖಂಡಕ್ಕೆ ಹೋಗುತ್ತೆ, ಚಿತ್ರ ಕೆಡುತ್ತೆ. ಬರೀ ನೀರು ಕುಡಿಯಬಹುದು. ಶುಗರ್ ಮಾತ್ರೆ, ಇನ್ಸುಲಿನ್ ಇದ್ದರೆ ಮೊದಲೇ ಕೇಳಿ. ಸ್ವೆಟರ್ ಹಾಕಿಸಿ, ಚಳಿಗೆ ಕುತ್ತಿಗೆಯ ಕಂದು ಕೊಬ್ಬೂ (ಮೈ ಬೆಚ್ಚಗಿಡಲು ಉರಿಯುವ ಕೊಬ್ಬು) ಹೊಳೆಯುತ್ತೆ. ಇಂಜೆಕ್ಷನ್ ಆದಮೇಲೆ ಸುಮಾರು ಒಂದು ಗಂಟೆ ಸುಮ್ನೆ ಕೂರಬೇಕು, ಮಾತೂ ಕಡಿಮೆ. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತಾ ಹೋಗುತ್ತೆ. ಉಳಿದದ್ದು ಮೂತ್ರದಲ್ಲಿ ಬೇಗ ಹೊರಹೋಗಲಿ ಅಂತ ಸ್ಕ್ಯಾನ್ ಮುಗಿದ ಮೇಲೆ ಚೆನ್ನಾಗಿ ನೀರು ಕುಡಿಸಿ. ಅಲ್ಲಿವರೆಗೆ ಮೈಯಿಂದ ಸ್ವಲ್ಪ ವಿಕಿರಣ ಬರುತ್ತಿರುತ್ತೆ, ಹಾಗಾಗಿ ಕೆಲವು ಗಂಟೆ ಚಿಕ್ಕ ಮಕ್ಕಳು, ಬಸುರಿಯರು ಅವರ ಪಕ್ಕದಲ್ಲಿ ಕೂರದಿರಲಿ.