ವರ್ಷಗಟ್ಟಲೆ ತಗೊಂಡ ಗ್ಯಾಸ್ ಮಾತ್ರೆಯನ್ನು ನಾಳೆಯಿಂದಲೇ ನಿಲ್ಲಿಸಬಹುದಾ?

ಮೂರು ವರ್ಷದಿಂದ ದಿನಾ ಪ್ಯಾಂಟೊಪ್ರಜೋಲ್ ಅನ್ನುವ ಗ್ಯಾಸ್ ಮಾತ್ರೆ ನುಂಗುತ್ತಿದ್ದೀರಿ, ಕಿಡ್ನಿ ಹೋಗುತ್ತದೆ ಅಂತ ಯಾರೋ ಹೇಳಿದರು, ಇದು ಅಪಾಯವಾ ಅಲ್ವಾ, ನಾಳೆಯಿಂದ ಬಿಟ್ಟು ಯಾವ ಮನೆಮದ್ದು ಶುರು ಮಾಡಲಿ ಅಂತ ಕೇಳಿದ್ದೀರಿ. ದಯವಿಟ್ಟು ನಾಳೆಯೇ ಬಿಡಬೇಡಿ. ನಾನು ಹಾಗೆ ಬಿಟ್ಟು ವರ್ಷಗಳನ್ನೇ ಕಳೆದುಕೊಂಡಿದ್ದೇನೆ.

ನನಗೆ ಇದು ಶುರುವಾಗಿದ್ದು ಸೊಂಟ ನೋವಿನಿಂದ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿಯ ಲೆಕ್ಕ ಬರೆಯುವ ಕೆಲಸ, ಇಡೀ ದಿನ ಕೂತೇ ಇರಬೇಕು. ಡಾಕ್ಟರು ನೋವಿನ ಮಾತ್ರೆ ಬರೆದು, ಅದರಿಂದ ಹೊಟ್ಟೆ ಕೆಡಬಾರದು ಅಂತ ಜೊತೆಗೊಂದು ಗ್ಯಾಸ್ ಮಾತ್ರೆ ಬರೆದರು. ಅದು ಸರಿಯಾಗಿಯೇ ಇತ್ತು. ನೋವು ಹೋಯಿತು, ನೋವಿನ ಮಾತ್ರೆ ನಿಂತಿತು, ಗ್ಯಾಸ್ ಮಾತ್ರೆ ಮಾತ್ರ ಮುಂದುವರಿಯಿತು. ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇದು ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಔಷಧ. ಆದರೆ ಮೆಡಿಕಲ್ ಶಾಪಿನ ಹುಡುಗ ನನ್ನ ಮುಖ ನೋಡಿದ ಕೂಡಲೇ "ಅದೇ ಸ್ಟ್ರಿಪ್ ಅಲ್ವಾ ಅಣ್ಣಾ?" ಅಂತ ತೆಗೆದುಕೊಡುತ್ತಿದ್ದ.

2019ರಲ್ಲಿ ಈ ಮಾತ್ರೆಗಳಿಂದ ಕಿಡ್ನಿಗೆ ತೊಂದರೆ ಆಗಬಹುದು ಅಂತ ಎಚ್ಚರಿಕೆ ಸೇರಿಸಬೇಕು ಎಂದು ನಮ್ಮ ಔಷಧ ನಿಯಂತ್ರಕರು ಕಂಪನಿಗಳಿಗೆ ಸೂಚಿಸಿದರು. ಪೇಪರಿನಲ್ಲಿ ಓದಿದ ನನಗೆ ಕೈಕಾಲು ತಣ್ಣಗಾಯಿತು. ಉಳಿದ ಮಾತ್ರೆಗಳನ್ನು ಅವತ್ತೇ ಎಸೆದೆ. ಒಂದೆರಡು ದಿನ ಏನೂ ಆಗಲಿಲ್ಲ. ಆಮೇಲೆ ಶುರುವಾಯಿತು ನೋಡಿ ಎದೆಯುರಿ, ಸಾಯಂಕಾಲ ಕುಡಿದ ಮಜ್ಜಿಗೆ ರಾತ್ರಿ ಗಂಟಲಿಗೆ ಬಂದು ಉರಿಯುತ್ತಿತ್ತು, ಮಲಗಿದರೆ ಹುಳಿತೇಗು, ಎದ್ದು ಕೂತರೆ ಹೊಟ್ಟೆ ಹಿಂಡಿದ ಹಾಗೆ. ಮೊದಲು ನನಗೆ ಎದೆಯುರಿಯೇ ಇರಲಿಲ್ಲ, ನೆನಪಿರಲಿ. ನಾನು ಬಂದಿದ್ದು ಸೊಂಟ ನೋವಿಗೆ!

ಇಲ್ಲೇ ನಾನು ಎಡವಿದ್ದು. ನಿಲ್ಲಿಸಿದ್ದಕ್ಕಿಂತ ದೊಡ್ಡ ತಪ್ಪು, ಆ ಉರಿಯನ್ನು ಕಾಯಿಲೆ ಅಂದುಕೊಂಡಿದ್ದು. ಒಳಗೆ ಇಷ್ಟು ದಿನ ರೋಗ ಅಡಗಿತ್ತು, ಮಾತ್ರೆ ತಡೆದಿತ್ತು, ಈಗ ಹೊರಗೆ ಬಂತು ಅಂತ ನಂಬಿದೆ. ನಿಜವಾಗಿ ಆಗುವುದು ಬೇರೆ. ಈ ಮಾತ್ರೆ ಹೊಟ್ಟೆಯಲ್ಲಿ ಆಸಿಡ್ ಸುರಿಸುವ ಪಂಪುಗಳನ್ನು ಬಂದ್ ಮಾಡುತ್ತದೆ. ಆಸಿಡ್ ಕಡಿಮೆಯಾಯಿತು ಅಂತ ದೇಹಕ್ಕೆ ಗೊತ್ತಾಗಿ, ಇನ್ನೂ ಮಾಡು ಇನ್ನೂ ಮಾಡು ಎಂದು ಹೇಳುವ ಗ್ಯಾಸ್ಟ್ರಿನ್ ಅನ್ನುವ ಹಾರ್ಮೋನ್ ಹೆಚ್ಚಾಗುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಆಸಿಡ್ ಮಾಡಿಸುವ ಜೀವಕೋಶಗಳೇ ಜಾಸ್ತಿಯಾಗುತ್ತವೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ತಟ್ಟನೆ ಬಿಟ್ಟರೆ ನೀರು ಹೇಗೆ ಚಿಮ್ಮುತ್ತದೆಯೋ, ಮಾತ್ರೆ ತಟ್ಟನೆ ಬಿಟ್ಟರೂ ಹಾಗೆಯೇ. ಮೊದಲಿಗಿಂತ ಹೆಚ್ಚು ಆಸಿಡ್ ಕೆಲವು ವಾರ ಬರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ.

ಸುಮ್ನೆ ಹೇಳುತ್ತಿಲ್ಲ. ಡೆನ್ಮಾರ್ಕಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಹೊಟ್ಟೆಯ ತೊಂದರೆಯೇ ಇಲ್ಲದ 120 ಆರೋಗ್ಯವಂತರಲ್ಲಿ ಅರ್ಧ ಜನರಿಗೆ 8 ವಾರ ಎಸೊಮೆಪ್ರಜೋಲ್ ಅನ್ನುವ ಇದೇ ಗುಂಪಿನ ಮಾತ್ರೆ ಕೊಟ್ಟು ನಿಲ್ಲಿಸಿದರು, ಉಳಿದವರಿಗೆ ಔಷಧವಿಲ್ಲದ ಖಾಲಿ ಮಾತ್ರೆ. ನಿಲ್ಲಿಸಿದ ಮೇಲಿನ ವಾರಗಳಲ್ಲಿ ಔಷಧ ತಗೊಂಡವರಲ್ಲಿ ನೂರಕ್ಕೆ 44 ಜನರಿಗೆ ಎದೆಯುರಿ, ಹುಳಿತೇಗು, ಅಜೀರ್ಣ ಇಂಥದ್ದೇನಾದರೂ ಬಂತು. ಖಾಲಿ ಮಾತ್ರೆಯವರಲ್ಲಿ ನೂರಕ್ಕೆ 15 ಜನರಿಗೆ. ರೋಗವೇ ಇಲ್ಲದವರಿಗೆ, ಬರೀ 8 ವಾರಕ್ಕೆ! ನೀವು ಮೂರು ವರ್ಷ ತಗೊಂಡಿದ್ದೀರಿ. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಹಾಗೇನಾದರೂ ಆದಾಗ ಅದು ಏನು ಅಂತ ಮೊದಲೇ ಗೊತ್ತಿರಬೇಕು.

ನನಗೆ ಗೊತ್ತಿರಲಿಲ್ಲ. ಹೆದರಿ ಮತ್ತೆ ಶುರು ಮಾಡಿದೆ, ಈ ಸಲ ದಿನಕ್ಕೆ ಎರಡು, ಅದೂ ಡಿಎಸ್‌ಆರ್ ಅಂತ ಬರುತ್ತದಲ್ಲ, ವಾಂತಿ ತಡೆಯುವ ಡೊಂಪೆರಿಡೋನ್ ಸೇರಿಸಿದ್ದು. ನಿಮ್ಮ ಸ್ಟ್ರಿಪ್ಪಿನ ಮೇಲೂ ಡಿ ಇದ್ದರೆ ಅದನ್ನು ಬೇರೆಯಾಗಿಯೇ ಡಾಕ್ಟರ ಹತ್ತಿರ ಕೇಳಿ. ಡೊಂಪೆರಿಡೋನ್ ಹೃದಯದ ಬಡಿತ ಏರುಪೇರು ಮಾಡಬಹುದು ಅಂತ ಯುರೋಪಿನ ಔಷಧ ಸಂಸ್ಥೆ 2014ರಲ್ಲೇ ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಬೇಡ ಅಂದಿದೆ.

ಹೀಗೆ ಇನ್ನೂ ವರ್ಷಗಳು ಹೋದವು. ಪಾದ ಜೋಮು ಹಿಡಿಯಲು ಶುರುವಾದಾಗ ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಮಾತ್ರೆಗಳ ಪಟ್ಟಿ ನೋಡಿ ಕೇಳಿದ್ದು ಒಂದೇ, "ಇದನ್ನ ಯಾಕೆ ಶುರು ಮಾಡಿದ್ರಿ?" ನನ್ನಲ್ಲಿ ಉತ್ತರ ಇರಲಿಲ್ಲ. ಬಿ12 ಪರೀಕ್ಷೆ ಮಾಡಿಸಿದರೆ ತುಂಬಾ ಕಡಿಮೆ. ಊಟದಲ್ಲಿರುವ ಬಿ12 ಬಿಡಿಸಿಕೊಳ್ಳಲು ಹೊಟ್ಟೆಗೆ ಆಸಿಡ್ ಬೇಕು. ನಾವು ಸಸ್ಯಾಹಾರಿಗಳು, ಹಾಲು ಮೊಸರಿನಿಂದ ಬರುವುದೇ ಅಷ್ಟಿಷ್ಟು, ಅದಕ್ಕೂ ಕಲ್ಲು ಹಾಕಿಕೊಂಡಿದ್ದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರು ಇನ್ನೂ ಹುಷಾರಾಗಿರಬೇಕು, ಅದೂ ಬಿ12 ಇಳಿಸುತ್ತದೆ.

ಅವರು ನಿಲ್ಲಿಸಿದ ರೀತಿ ಹೀಗೆ. ಮೊದಲು ರಾತ್ರಿಯದ್ದು ಬಿಡಿಸಿದರು. ಕೆಲವು ವಾರದ ಮೇಲೆ 40ರಿಂದ 20 ಮಿಲಿಗ್ರಾಂ, ಆಮೇಲೆ ದಿನ ಬಿಟ್ಟು ದಿನ. ಮಧ್ಯೆ ಉರಿ ಬಂದರೆ ಬಾಟಲಿಯ ಆಂಟಾಸಿಡ್ ಕುಡಿಯಿರಿ, ಆದರೆ ಹೆದರಿ ವಾಪಸ್ ಹೋಗಬೇಡಿ ಅಂದರು. ಉರಿ ಬಂತು. ಈ ಸಲ ಅದು ಏನು ಅಂತ ಗೊತ್ತಿದ್ದರಿಂದ ತಡೆದುಕೊಂಡೆ. ರಾತ್ರಿ ಊಟ ಎಂಟರೊಳಗೆ ಮುಗಿಸಿದೆ, ಮಂಚದ ತಲೆಕಡೆಯ ಕಾಲುಗಳ ಕೆಳಗೆ ಮರದ ತುಂಡು ಇಟ್ಟೆ. ನೀವು ಕೇಳಿದ ಮನೆಮದ್ದುಗಳಲ್ಲಿ ನನಗೆ ಕೆಲಸ ಮಾಡಿದ್ದು ಇವೆರಡೇ. ಜೀರಿಗೆ ಕಷಾಯ ಬೇಕಾದರೆ ಕುಡಿಯಿರಿ. ಅಡುಗೆ ಸೋಡಾ ದಿನಾ ಬೇಡ, ಬಿಪಿ ಇದ್ದರಂತೂ ಬೇಡವೇ ಬೇಡ, ಅದರಲ್ಲಿ ಸೋಡಿಯಂ ಜಾಸ್ತಿ.

ಇನ್ನು ಕಿಡ್ನಿ ಭಯ. ಈ ಮಾತ್ರೆಯಿಂದ ಕಿಡ್ನಿಗೆ ಊತ ಬರುವುದು ನಿಜ, ಆದರೆ ಅಪರೂಪ. 17,000ಕ್ಕೂ ಹೆಚ್ಚು ಹೃದ್ರೋಗಿಗಳಿಗೆ ಸುಮಾರು ಮೂರು ವರ್ಷ ಪ್ಯಾಂಟೊಪ್ರಜೋಲ್ ಅಥವಾ ಖಾಲಿ ಮಾತ್ರೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಅದರಲ್ಲಿ ಸ್ಪಷ್ಟವಾಗಿ ಹೆಚ್ಚಾಗಿದ್ದು ಕರುಳಿನ ಸೋಂಕು ಮಾತ್ರ. ಹಾಗಾಗಿ "ಅಪಾಯವಾ ಅಲ್ವಾ" ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಅನಿಸುವುದಿಲ್ಲ. ಅಗತ್ಯ ಇರುವವರಿಗೆ ಇದು ಜೀವ ಉಳಿಸುವ ಮಾತ್ರೆ. ನಮ್ಮ ಮಾವನವರಿಗೆ ಸ್ಟೆಂಟ್ ಹಾಕಿದೆ, ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡೂ ನಡೆಯುತ್ತಿವೆ, ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಾರದು ಅಂತ ಪ್ಯಾಂಟೊಪ್ರಜೋಲ್ ಕೊಟ್ಟಿದ್ದಾರೆ. ಅವರು ಬಿಡುತ್ತೇನೆ ಅಂದಾಗ ನಾನೇ ಗಟ್ಟಿಯಾಗಿ ಬೇಡ ಅಂದೆ. ಅಲ್ಸರ್ ಆಗಿ ರಕ್ತ ಹೋದವರು, ಅನ್ನನಾಳಕ್ಕೆ ಗಾಯ ಆದವರೂ ತಾವಾಗಿ ಬಿಡಬಾರದು.

ಆದ್ದರಿಂದ ಈ ವಾರ ಹಳೆಯ ಚೀಟಿಗಳನ್ನು ಹುಡುಕಿ, ಮೊದಲು ಬರೆದಿದ್ದು ಯಾವುದಕ್ಕೆ ಅಂತ ನೋಡಿ, ಅದನ್ನೇ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಬಿ12, ಮೆಗ್ನೀಸಿಯಂ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಬೇಕಾ ಅಂತ ಕೇಳಿ. ನುಂಗುವಾಗ ಸಿಕ್ಕಿಕೊಂಡ ಹಾಗಾದರೆ, ತೂಕ ಇಳಿಯುತ್ತಿದ್ದರೆ, ಮಲ ಟಾರಿನಂತೆ ಕಪ್ಪಾಗಿದ್ದರೆ ಈ ವಾರದವರೆಗೂ ಕಾಯಬೇಡಿ, ಇವತ್ತೇ ಹೋಗಿ.